ಸಣ್ಣ ಕಂಪನಿಯ ವರದಿ ಬರೆಯುವವನಿಗೆ ಸಂಬಳ ಕೊಡುವವರು ಯಾರು?

ಷೇರು ಪೇಟೆಗೆ ಬಂದ ಸಣ್ಣ ಕಂಪನಿಗೆ ತನ್ನ ಹೂಡಿಕೆ ಬ್ಯಾಂಕಿನಿಂದ ಬೇಕಾದದ್ದು ಮೂರು. ಷೇರು ಮಾರಿ ಹಣ ಎತ್ತಿಕೊಡುವುದು ಒಂದು. ಮೂರು ತಿಂಗಳಿಗೊಮ್ಮೆ ಫಲಿತಾಂಶ ಬಂದಾಗ ಅದನ್ನು ಓದಿ, ಲೆಕ್ಕ ಹಾಕಿ, ವರದಿ ಬರೆಯುವ ವಿಶ್ಲೇಷಕ ಇನ್ನೊಂದು. ಯಾರೂ ಕೊಳ್ಳಲು ಬಾರದ ದಿನವೂ 'ಇಷ್ಟಕ್ಕೆ ಕೊಳ್ಳುತ್ತೇನೆ, ಇಷ್ಟಕ್ಕೆ ಮಾರುತ್ತೇನೆ' ಎಂದು ಎರಡು ಬೆಲೆ ಹಿಡಿದು ನಿಲ್ಲುವ ಮಾರ್ಕೆಟ್ ಮೇಕರ್ ಮೂರನೆಯದು. ಕಂಪನಿ ಹಣ ಕೊಡುವುದು ಮೊದಲನೆಯದಕ್ಕೆ ಮಾತ್ರ. ಉಳಿದೆರಡರ ಖರ್ಚು ಬೇರೆ ಯಾವುದೋ ಜೇಬಿನಿಂದ ಬರಬೇಕು. ಅಮೆರಿಕದ ಸಣ್ಣ ಹೂಡಿಕೆ ಬ್ಯಾಂಕುಗಳ ಇತಿಹಾಸವನ್ನು ನಾನು ಓದುವುದು ಹೀಗೆ: ಆ ಜೇಬು ಯಾವುದಿತ್ತು, ಯಾವಾಗ ಬರಿದಾಯಿತು, ಆಮೇಲೆ ಎಲ್ಲಿಗೆ ಕೈ ಹಾಕಿದರು.

ಉದಾಹರಣೆಗೆ ಹ್ಯಾಂಬ್ರೆಕ್ಟ್ ಅಂಡ್ ಕ್ವಿಸ್ಟ್. 1968ರಲ್ಲಿ ಬಿಲ್ ಹ್ಯಾಂಬ್ರೆಕ್ಟ್ ಮತ್ತು ಜಾರ್ಜ್ ಕ್ವಿಸ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದನ್ನು ಶುರು ಮಾಡಿದರು. ಹ್ಯಾಂಬ್ರೆಕ್ಟ್ ಬ್ರೋಕರೇಜ್ ಕಡೆಯಿಂದ ಬಂದವರು. ಕ್ವಿಸ್ಟ್ ಬ್ಯಾಂಕ್ ಆಫ್ ಅಮೆರಿಕದಲ್ಲಿ ಸಣ್ಣ ಉದ್ಯಮಗಳಿಗೆ ಬಂಡವಾಳ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದವರು. ಒಬ್ಬರಿಗೆ ಷೇರು ಮಾರುವುದು ಗೊತ್ತು, ಇನ್ನೊಬ್ಬರಿಗೆ ಇನ್ನೂ ಲಾಭ ಕಾಣದ ಕಂಪನಿಯನ್ನು ತೂಗಿ ನೋಡುವುದು ಗೊತ್ತು. ಆಗಿನ ನ್ಯೂಯಾರ್ಕ್ ಬ್ಯಾಂಕುಗಳ ಕಣ್ಣು ರೈಲ್ವೆ, ಉಕ್ಕು, ವಿದ್ಯುತ್ ಕಂಪನಿಗಳ ಮೇಲೆ. ಪಶ್ಚಿಮ ಕರಾವಳಿಯ ಕಂಪ್ಯೂಟರ್ ಚಿಪ್, ಡಿಸ್ಕ್ ಮಾಡುವ ಪುಟ್ಟ ಕಂಪನಿಗಳ ಬಾಗಿಲಿಗೆ ಅವರು ಹೋಗುತ್ತಿರಲಿಲ್ಲ. ಆ ಬಾಗಿಲು ಇವರಿಗೆ ಸಿಕ್ಕಿತು.

ಆ ಕಾಲದಲ್ಲಿ ವರದಿ ಬರೆಯುವ ವಿಶ್ಲೇಷಕನ ಸಂಬಳ ಬರುತ್ತಿದ್ದದ್ದು ಕಮಿಷನ್ನಿನಿಂದ. ನ್ಯೂಯಾರ್ಕ್ ಷೇರು ಪೇಟೆಯಲ್ಲಿ ದಲ್ಲಾಳಿ ಕಮಿಷನ್ ದರ ನಿಗದಿಯಾಗಿತ್ತು, ಚೌಕಾಸಿಗೆ ಅವಕಾಶವಿರಲಿಲ್ಲ. ಲಕ್ಷ ಷೇರು ಕೊಳ್ಳುವ ಪಿಂಚಣಿ ನಿಧಿಯೂ ಅದೇ ದಪ್ಪ ಕಮಿಷನ್ ತೆರಬೇಕು. ದರದಲ್ಲಿ ಪೈಪೋಟಿ ಸಾಧ್ಯವಿಲ್ಲದ ಮೇಲೆ ದಲ್ಲಾಳಿಗಳು ಪೈಪೋಟಿ ನಡೆಸಿದ್ದು ವರದಿಯ ಗುಣಮಟ್ಟದಲ್ಲಿ: 'ಒಳ್ಳೆಯ ವರದಿ ಕೊಡುತ್ತೇವೆ, ವ್ಯವಹಾರ ನಮ್ಮ ಮೂಲಕ ಮಾಡಿ.' 1959ರಲ್ಲಿ ಹುಟ್ಟಿದ ಡೊನಾಲ್ಡ್‌ಸನ್, ಲಫ್ಕಿನ್ ಅಂಡ್ ಜೆನ್ರೆಟ್ ಬೆಳೆದದ್ದೇ ಹೀಗೆ, ಸಣ್ಣ ಬೆಳೆಯುವ ಕಂಪನಿಗಳ ಬಗ್ಗೆ ಆಳವಾಗಿ ಬರೆದು. 1975ರ ಮೇ 1ರಂದು ನಿಗದಿತ ಕಮಿಷನ್ ರದ್ದಾಯಿತು. ದರ ಜರ್ರನೆ ಇಳಿಯಿತು, ವರದಿ ಬರೆದು ಕಮಿಷನ್ನಿನಲ್ಲೇ ಬದುಕುತ್ತಿದ್ದ ಎಷ್ಟೋ ಸಂಸ್ಥೆಗಳು ಮುಚ್ಚಿದವು, ಇಲ್ಲವೇ ದೊಡ್ಡವರ ಜತೆ ಸೇರಿಕೊಂಡವು. ಮೊದಲ ಜೇಬು ಹೋಯಿತು.

ಎರಡನೆಯ ಜೇಬು ಅಂಡರ್‌ರೈಟಿಂಗ್. ಅಂದರೆ ಕಂಪನಿಯ ಹೊಸ ಷೇರು ಮಾರಿಕೊಡುವ ಹೊಣೆ ಹೊರುವುದು. ಅದರ ಒಳಗಿನ ಲೆಕ್ಕ ನೋಡದೆ ಮುಂದಿನದು ತಿಳಿಯುವುದಿಲ್ಲ. 12 ಡಾಲರ್‌ನಂತೆ 25 ಲಕ್ಷ ಷೇರು, ಒಟ್ಟು 3 ಕೋಟಿ ಡಾಲರ್‌ನ ಐಪಿಒ (ಕಂಪನಿ ಮೊದಲ ಬಾರಿ ಸಾರ್ವಜನಿಕರಿಗೆ ಷೇರು ಮಾರುವುದು) ಎಂದುಕೊಳ್ಳಿ. ಈ ಗಾತ್ರಕ್ಕೆ ಅಮೆರಿಕದಲ್ಲಿ ರೂಢಿಯಾದ ಸ್ಪ್ರೆಡ್, ಅಂದರೆ ಬ್ಯಾಂಕುಗಳು ಹಿಡಿದುಕೊಳ್ಳುವ ಪಾಲು, ಶೇ. 7. ಅಂದರೆ ಷೇರಿಗೆ 84 ಸೆಂಟ್, ಒಟ್ಟು 21 ಲಕ್ಷ ಡಾಲರ್. ಈ 84 ಸೆಂಟ್ ಹಂಚಿಕೆಯಾಗುವುದು ಸಾಮಾನ್ಯವಾಗಿ 20, 20, 60ರ ಪಾಲಿನಲ್ಲಿ. ಮುಂದಾಳತ್ವ ವಹಿಸಿದವರಿಗೆ 16.8 ಸೆಂಟ್, ನಷ್ಟದ ಹೊಣೆ ಹೊತ್ತವರೆಲ್ಲರಿಗೆ ಸೇರಿ 16.8 ಸೆಂಟ್, ನಿಜವಾಗಿ ಷೇರು ಮಾರಿದವರಿಗೆ 50.4 ಸೆಂಟ್. ಎರಡನೆಯ ಪಾಲಿನಲ್ಲೇ ವಕೀಲರ ಶುಲ್ಕ, ಜಾಹೀರಾತು, ಬೆಲೆ ಹಿಡಿದು ನಿಲ್ಲಿಸಲು ತಗಲಿದ ನಷ್ಟ ಎಲ್ಲ ಕಳೆಯುತ್ತವೆ. ಸಣ್ಣ ಇಶ್ಯೂಗಳಲ್ಲಿ ಅದು ಸೊನ್ನೆಗೆ ಬಂದು ನಿಲ್ಲುವುದು ಅಪರೂಪವೇನಲ್ಲ. ಲಾಭ ಇರುವುದು ಮಾರುವವನ ಪಾಲಿನಲ್ಲಿ. ಆದ್ದರಿಂದಲೇ ಸಿಂಡಿಕೇಟಿನಲ್ಲಿ, ಅಂದರೆ ಜತೆಗೂಡಿ ಮಾರುವ ಬ್ಯಾಂಕುಗಳ ಗುಂಪಿನಲ್ಲಿ, ಹೆಸರು ಯಾವ ಸಾಲಿನಲ್ಲಿದೆ ಎನ್ನುವುದಕ್ಕಿಂತ, ಯಾರಿಗೆ ಎಷ್ಟು ಷೇರು ಬೇಕೆಂದು ಬರೆದಿಡುವ ಆರ್ಡರ್ ಪುಸ್ತಕ ಯಾರ ಕೈಯಲ್ಲಿದೆ ಎನ್ನುವುದು ಮುಖ್ಯ.

ಇಲ್ಲಿ ಸಣ್ಣ ಬ್ಯಾಂಕಿನ ಕಾಲು ಎಡವುವ ಕಲ್ಲು ಬಂಡವಾಳ. ಇಡೀ ಇಶ್ಯೂ ತಾನೇ ಕೊಂಡು ಮಾರುತ್ತೇನೆ ಎಂದು ಬೆಲೆ ಗೊತ್ತಾದ ರಾತ್ರಿ ಸಹಿ ಹಾಕಿದ ಮೇಲೆ, ಹಣ ಕೈಬದಲಾಗುವವರೆಗೂ ಆ ಹೊಣೆ ಬ್ಯಾಂಕಿನದು. ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್ನಿನ (ಅಮೆರಿಕದ ಷೇರು ಪೇಟೆಯ ಸರ್ಕಾರಿ ನಿಯಂತ್ರಕ) ನಿವ್ವಳ ಬಂಡವಾಳ ನಿಯಮದಂತೆ ಇನ್ನೂ ಮಾರಾಟವಾಗದೆ ಉಳಿದ ಇಂಥ ಷೇರು ಒಪ್ಪಂದದ ಮೊತ್ತದ ಶೇ. 30ನ್ನು ಬ್ಯಾಂಕಿನ ಬಂಡವಾಳದಿಂದ ಕಳೆದು ನೋಡಬೇಕು. 3 ಕೋಟಿಗೆ 90 ಲಕ್ಷ. ಕೈಯಲ್ಲಿ 50 ಲಕ್ಷ ಇರುವ ಬ್ಯಾಂಕು ಇದನ್ನು ಒಬ್ಬಂಟಿಯಾಗಿ ಹೊರಲಾರದು. ದಾರಿ ಎರಡೇ. ಹತ್ತಾರು ಸಂಸ್ಥೆಗಳನ್ನು ಕೂಡಿಸಿ ಹೊಣೆ ಹಂಚುವುದು. ಇಲ್ಲವೇ ಹೊಣೆಯನ್ನೇ ಹೊರದೆ, 'ಕೈಲಾದಷ್ಟು ಪ್ರಯತ್ನ ಮಾಡುತ್ತೇನೆ' ಎಂಬ ಏಜೆಂಟನಾಗಿ ನಿಲ್ಲುವುದು. ಎರಡನೆಯ ದಾರಿಯಲ್ಲಿ ಕನಿಷ್ಠ ಮೊತ್ತ ಗೊತ್ತು ಮಾಡಿದ್ದರೆ ಹೂಡಿಕೆದಾರರ ಹಣ ಎಸ್ಕ್ರೋ ಖಾತೆಯಲ್ಲಿ, ಅಂದರೆ ಮೂರನೆಯವರ ಕೈಯ ಕಾಯ್ದಿಟ್ಟ ಖಾತೆಯಲ್ಲಿ, ಕೂರುತ್ತದೆ, ಗಡುವಿನೊಳಗೆ ಕನಿಷ್ಠ ಮುಟ್ಟದಿದ್ದರೆ ಪೈಸೆ ಬಿಡದೆ ಹಿಂದಿರುಗಿಸಬೇಕು. ಸಣ್ಣ ಬ್ಯಾಂಕುಗಳ ಕಾಗದಪತ್ರದಲ್ಲಿ 'ಪ್ಲೇಸ್‌ಮೆಂಟ್ ಏಜೆಂಟ್' ಎಂಬ ಪದ ಹೆಚ್ಚಾಗಿ ಕಾಣುವುದಕ್ಕೆ ಇದೇ ಕಾರಣ. ಅದು ವಿನಯವಲ್ಲ, ಲೆಕ್ಕ.

ಬೆಲೆ ಇಳಿಯದಂತೆ ನೋಡಿಕೊಳ್ಳುವ ಉಪಾಯಕ್ಕೆ ಗ್ರೀನ್ ಶೂ ಎನ್ನುತ್ತಾರೆ. ಹೆಸರು ಬಂದದ್ದು ಬಾಸ್ಟನ್ನಿನ ಅದೇ ಹೆಸರಿನ ಷೂ ಕಂಪನಿಯಿಂದ. 25 ಲಕ್ಷದ ಇಶ್ಯೂಗೆ ಶೇ. 15, ಅಂದರೆ 3,75,000 ಷೇರು ಹೆಚ್ಚಾಗಿಯೇ ಮಾರಿಬಿಡುತ್ತಾರೆ, ಕೈಯಲ್ಲಿ ಇಲ್ಲದ್ದನ್ನು. ಬೆಲೆ 12ಕ್ಕಿಂತ ಇಳಿದರೆ ಪೇಟೆಯಿಂದಲೇ ಕೊಂಡು ಆ ಕೊರತೆ ತುಂಬುತ್ತಾರೆ. ಆ ಕೊಳ್ಳುವಿಕೆಯೇ ಬೆಲೆಗೆ ಊರುಗೋಲು. ಏರಿದರೆ ಕಂಪನಿಯಿಂದ ಅದೇ 12ಕ್ಕೆ, ಸ್ಪ್ರೆಡ್ ಕಳೆದು, ಹೆಚ್ಚುವರಿ ಷೇರು ಪಡೆಯುತ್ತಾರೆ. ಯಾವ ಕಡೆ ಹೋದರೂ ಬ್ಯಾಂಕಿಗೆ ಕೈ ಸುಡುವುದಿಲ್ಲ. ಸುಡುವುದು ಶೇ. 15ನ್ನೂ ಮೀರಿ ಮಾರಿ, ಆಮೇಲೆ ಬೆಲೆ ಏರಿಬಿಟ್ಟಾಗ. ಆ ಹೆಚ್ಚಿನದನ್ನು ಏರಿದ ಬೆಲೆಗೇ ಕೊಂಡು ಒಪ್ಪಿಸಬೇಕು.

1980 ಹ್ಯಾಂಬ್ರೆಕ್ಟ್ ಅಂಡ್ ಕ್ವಿಸ್ಟ್‌ನ ವರ್ಷ. ಅಕ್ಟೋಬರ್ 14ರಂದು ಜೆನೆನ್‌ಟೆಕ್ 35 ಡಾಲರ್‌ಗೆ 10 ಲಕ್ಷ ಷೇರು ಮಾರಿತು, ಅದೇ ದಿನ ಬೆಲೆ 88 ಮುಟ್ಟಿ 71.25ಕ್ಕೆ ಇಳಿದು ನಿಂತಿತು. ಮಾರಲು ಔಷಧವೇ ಇನ್ನೂ ಇಲ್ಲದ ಕಂಪನಿ ಅದು. ಡಿಸೆಂಬರ್ 12ರಂದು ಆಪಲ್, 22 ಡಾಲರ್‌ನಂತೆ 46 ಲಕ್ಷ ಷೇರು, ಮಾರ್ಗನ್ ಸ್ಟಾನ್ಲಿ ಜತೆಗೂಡಿ. ಬೆಲೆ ವಿಪರೀತವಾಯಿತೆಂದು ಮ್ಯಾಸಚೂಸೆಟ್ಸ್ ರಾಜ್ಯದ ಅಧಿಕಾರಿಗಳು ತಮ್ಮ ನಿವಾಸಿಗಳಿಗೆ ಆಪಲ್ ಷೇರು ಮಾರಲು ಆಗ ಬಿಡಲಿಲ್ಲ. ನಗಬೇಡಿ, ಆಗಿನ ಲಾಭಕ್ಕೆ ಹೋಲಿಸಿದರೆ ಅವರ ಲೆಕ್ಕ ತಪ್ಪಾಗಿರಲಿಲ್ಲ. ಈ ಎರಡರ ಬಳಿಕ ಹ್ಯಾಂಬ್ರೆಕ್ಟ್, ಬಾಲ್ಟಿಮೋರಿನ ಅಲೆಕ್ಸ್ ಬ್ರೌನ್, ಸ್ಯಾನ್ ಫ್ರಾನ್ಸಿಸ್ಕೋದ ರಾಬರ್ಟ್‌ಸನ್ ಸ್ಟೀಫನ್ಸ್ ಮತ್ತು ಮಾಂಟ್ಗಮರಿ ಸೆಕ್ಯುರಿಟೀಸ್ ಸೇರಿ 'ನಾಲ್ಕು ಕುದುರೆ ಸವಾರರು' ಎನಿಸಿಕೊಂಡರು. ಅವರಲ್ಲಿ ಅಲೆಕ್ಸ್ ಬ್ರೌನ್ 1800ರಲ್ಲಿ ಐರಿಷ್ ಲಿನನ್ ವ್ಯಾಪಾರಿಯೊಬ್ಬ ಕಟ್ಟಿದ ಅಜ್ಜನಂಥ ಸಂಸ್ಥೆ. 1986ರಲ್ಲಿ ಮೈಕ್ರೋಸಾಫ್ಟ್ ಷೇರು ಪೇಟೆಗೆ ಬಂದಾಗ ಗೋಲ್ಡ್‌ಮನ್ ಸ್ಯಾಕ್ಸ್ ಪಕ್ಕದಲ್ಲಿ ನಿಂತದ್ದು ಅದೇ.

ಹ್ಯಾಂಬ್ರೆಕ್ಟ್‌ನ ಇನ್ನೊಂದು ರೂಢಿ, ತಾನು ಪೇಟೆಗೆ ತರುವ ಕಂಪನಿಗಳಲ್ಲಿ ತನ್ನದೇ ಹಣವನ್ನೂ ಹಾಕುವುದು. ಗೆದ್ದಾಗ ಇದು ಮೂರನೆಯ ಜೇಬಿನಂತೆ ಕೆಲಸ ಮಾಡಿತು. ಸೋತಾಗ ಏನಾಯಿತು ಎಂಬುದಕ್ಕೆ ಕೊಲರಾಡೋದ ಡಿಸ್ಕ್ ತಯಾರಕ ಮಿನಿಸ್ಕ್ರೈಬ್ ಸಾಕು. 1985ರಲ್ಲಿ ಹ್ಯಾಂಬ್ರೆಕ್ಟ್ ಅದಕ್ಕೆ 2 ಕೋಟಿ ಡಾಲರ್ ಹಾಕಿತು, ಕ್ಯೂ. ಟಿ. ವೈಲ್ಸ್ ಎಂಬ ಮುಖ್ಯಸ್ಥರು ಬಂದು ಕೂತರು. 1987ರಲ್ಲಿ ಗೋದಾಮಿನ ಲೆಕ್ಕ ತಾಳೆಯಾಗದಾಗ ಸಿಬ್ಬಂದಿ ಡಿಸ್ಕ್ ಡಬ್ಬಿಗಳಿಗೆ ಇಟ್ಟಿಗೆ ತುಂಬಿ ಕಳಿಸಿ, ಅದನ್ನು ಸರಕೆಂದು ತೋರಿಸಿದರು. 1989ರಲ್ಲಿ ಬಯಲಾಯಿತು, 1990ರಲ್ಲಿ ಕಂಪನಿ ದಿವಾಳಿ ಎದ್ದಿತು, ಹೂಡಿಕೆದಾರರು ಹ್ಯಾಂಬ್ರೆಕ್ಟನ್ನೂ ಲೆಕ್ಕಪರಿಶೋಧಕರನ್ನೂ ಕೋರ್ಟಿಗೆಳೆದರು. ವೈಲ್ಸ್‌ಗೆ ಶಿಕ್ಷೆಯಾಯಿತು.

ಇಲ್ಲಿ ಕಲಿಯಬೇಕಾದ್ದು ಇಟ್ಟಿಗೆಯ ತಮಾಷೆಯಲ್ಲ. ಅಮೆರಿಕದ 1933ರ ಸೆಕ್ಯುರಿಟೀಸ್ ಕಾಯಿದೆಯ 11ನೇ ಸೆಕ್ಷನ್ ಪ್ರಕಾರ ನೋಂದಣಿ ದಾಖಲೆಯಲ್ಲಿ ಸುಳ್ಳಿದ್ದರೆ ಅಂಡರ್‌ರೈಟರೂ ಹೊಣೆ. ತಪ್ಪಿಸಿಕೊಳ್ಳಲು ಇರುವ ಮುಖ್ಯ ದಾರಿ 'ಸಾಕಷ್ಟು ವಿಚಾರಿಸಿದ್ದೆವು' ಎಂದು ಸಾಬೀತು ಮಾಡುವುದು. ಅದನ್ನು ಮಾಡುವ ಕ್ರಮವೂ ಇದೆ. ದೊಡ್ಡ ಗ್ರಾಹಕರಿಗೆ ಕರೆ ಮಾಡುವುದು, ಆದರೆ ಕಂಪನಿ ಕೊಟ್ಟ ಪಟ್ಟಿಯಿಂದಲ್ಲ, ಬಾಕಿ ವಸೂಲಿ ಖಾತೆಯಿಂದ ತಾವೇ ಆರಿಸಿ. ಬ್ಯಾಂಕ್ ಖಾತೆಯ ಶಿಲ್ಕನ್ನು ಬ್ಯಾಂಕಿನಿಂದಲೇ ನೇರವಾಗಿ ಕೇಳುವುದು. ಗೋದಾಮಿನ ಎಣಿಕೆಗೆ ಮುಂಚಿತವಾಗಿ ಹೇಳದೆ ಹೋಗುವುದು, ಡಬ್ಬಿ ತೆರೆದು ನೋಡುವುದು. ಬೆಲೆ ಗೊತ್ತಾದ ರಾತ್ರಿ ಲೆಕ್ಕಪರಿಶೋಧಕರಿಂದ ಕಂಫರ್ಟ್ ಲೆಟರ್ ಎಂಬ, ಅಂಕಿ ಅಂಶಗಳ ಬಗ್ಗೆ ಭರವಸೆ ಕೊಡುವ ಪತ್ರ, ಹಣ ಕೈಬದಲಾಗುವ ಬೆಳಿಗ್ಗೆ ಮತ್ತೊಂದು. ಆ ನಡುವಿನ ದಿನಗಳಲ್ಲಿ ಏನೂ ಬದಲಾಗಿಲ್ಲವೆಂದು ಕಂಪನಿಯ ಮುಖ್ಯಸ್ಥರನ್ನು ಫೋನಿನಲ್ಲಿ ಕೇಳಿ ಬರೆದಿಟ್ಟುಕೊಳ್ಳುವುದು. ಬ್ಯಾಂಕೇ ಷೇರುದಾರನಾಗಿದ್ದಾಗ ಈ ಪ್ರಶ್ನೆಗಳ ದನಿ ಮೆತ್ತಗಾಗುತ್ತದೆ. ಸ್ವಂತ ಮಗುವಿನ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಕೂತಂತೆ.

ಇನ್ನು ಮಾರ್ಕೆಟ್ ಮೇಕಿಂಗ್. ನ್ಯಾಸ್‌ಡ್ಯಾಕ್ ಎಂಬ ಇನ್ನೊಂದು ಷೇರು ಪೇಟೆ 1971ರ ಫೆಬ್ರುವರಿಯಲ್ಲಿ ಶುರುವಾಯಿತು, ಸಣ್ಣ ಕಂಪನಿಗಳ ಮನೆ ಅದೇ ಆಯಿತು. ಅಲ್ಲಿ ಬೆಲೆ ಡಾಲರಿನ ಎಂಟನೇ ಒಂದು ಭಾಗದ ಹೆಜ್ಜೆಯಲ್ಲಿ ನಡೆಯುತ್ತಿತ್ತು, ವಾಸ್ತವದಲ್ಲಿ ಅನೇಕ ಷೇರುಗಳಲ್ಲಿ ಕೊಳ್ಳುವ ಮತ್ತು ಮಾರುವ ಬೆಲೆಯ ಅಂತರ ಕಾಲು ಡಾಲರಿಗಿಂತ ಕೆಳಗೆ ಇಳಿಯುತ್ತಲೇ ಇರಲಿಲ್ಲ. ದಿನಕ್ಕೆ 20,000 ಷೇರು ಓಡುವ ಒಂದು ಸಣ್ಣ ಕಂಪನಿಯ ವಹಿವಾಟಿನಲ್ಲಿ ಷೇರಿಗೆ ಆ ಅಂತರದ ಅರ್ಧ, 12.5 ಸೆಂಟ್, ಉಳಿದರೂ ದಿನಕ್ಕೆ 2,500 ಡಾಲರ್, 250 ದಿನಕ್ಕೆ 6,25,000. ಇಂಥ ಹತ್ತು ಕಂಪನಿ ಇದ್ದರೆ ವಿಶ್ಲೇಷಕನ ಸಂಬಳ, ವಿಮಾನದ ಟಿಕೆಟ್ಟು, ಸಹಾಯಕ ಎಲ್ಲ ನಿರಾಳ. ಯಾರೂ ಚೀಟಿ ಬರೆಯದೆ, ಗೊತ್ತೇ ಆಗದಂತೆ, ಷೇರು ಕೊಂಡು ಮಾರುವವರೇ ಕೊಟ್ಟ ಸಂಬಳ ಅದು.

1994ರಲ್ಲಿ ವಿಲಿಯಂ ಕ್ರಿಸ್ಟಿ ಮತ್ತು ಪಾಲ್ ಷುಲ್ಟ್ಜ್ ಎಂಬ ಪ್ರಾಧ್ಯಾಪಕರು ಒಂದು ವಿಚಿತ್ರ ತೋರಿಸಿಕೊಟ್ಟರು: ನ್ಯಾಸ್‌ಡ್ಯಾಕ್ ಡೀಲರುಗಳು ಅನೇಕ ಷೇರುಗಳಲ್ಲಿ ಬೆಸ ಎಂಟನೇ ಭಾಗಗಳನ್ನು, ಅಂದರೆ 1/8, 3/8, 5/8, 7/8ನ್ನು, ಮುಟ್ಟುತ್ತಲೇ ಇರಲಿಲ್ಲ. ಎಲ್ಲರೂ ಹೀಗೆ ನಡೆದರೆ ಅಂತರ ಕಾಲು ಡಾಲರಿಗಿಂತ ಕಿರಿದಾಗುವುದು ಹೇಗೆ? ತನಿಖೆ ನಡೆಯಿತು, ಒಪ್ಪಂದಗಳಾದವು, 1997ರಲ್ಲಿ ಗ್ರಾಹಕರ ಆರ್ಡರನ್ನೂ ಪರದೆಯ ಮೇಲೆ ತೋರಿಸಬೇಕೆಂಬ ನಿಯಮ ಬಂತು, ಹೆಜ್ಜೆ ಹದಿನಾರನೇ ಒಂದಕ್ಕೆ ಇಳಿಯಿತು. 2001ರ ಏಪ್ರಿಲ್ ಹೊತ್ತಿಗೆ ಒಂದೊಂದು ಸೆಂಟಿನ ಲೆಕ್ಕವೇ ಬಂತು. ಮೇಲಿನ ಕಂಪನಿಯ ಅಂತರ 4 ಸೆಂಟಿಗೆ ಇಳಿದರೆ ಬ್ಯಾಂಕಿಗೆ ಷೇರಿಗೆ ಉಳಿಯುವುದು 2 ಸೆಂಟ್: ದಿನಕ್ಕೆ 400 ಡಾಲರ್, ವರ್ಷಕ್ಕೆ ಒಂದು ಲಕ್ಷ. ಸಾಮಾನ್ಯ ಹೂಡಿಕೆದಾರನಿಗೆ ಇದು ನಿಜಕ್ಕೂ ಲಾಭ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬ ವಿಶ್ಲೇಷಕ ಸರಿಯಾಗಿ ನೋಡಬಲ್ಲದ್ದು ಹತ್ತು ಹದಿನೈದು ಕಂಪನಿ. ಅವನು ದಿನಕ್ಕೆ 20,000 ಷೇರು ಓಡುವ ಕಂಪನಿ ಬಿಟ್ಟು 20 ಲಕ್ಷ ಓಡುವುದರ ಕಡೆ ಹೊರಳಿದ. 2016ರ ಅಕ್ಟೋಬರಿನಿಂದ ಎರಡು ವರ್ಷ ಸುಮಾರು 1,200 ಸಣ್ಣ ಷೇರುಗಳಲ್ಲಿ 5 ಸೆಂಟಿನ ಹೆಜ್ಜೆಯನ್ನು ಮತ್ತೆ ಪ್ರಯೋಗಿಸಿ ನೋಡಿದರು. ವ್ಯವಹಾರದ ಖರ್ಚು ಏರಿತು, ಹೋದ ವಿಶ್ಲೇಷಕ ಬರಲಿಲ್ಲ, ಪ್ರಯೋಗ ಮುಗಿಯಿತು.

ಕುದುರೆ ಸವಾರರು ಆ ಹೊತ್ತಿಗೆ ಮಾರಾಟವಾಗಿಯೇ ಹೋಗಿದ್ದರು. 1996ರ ಕೊನೆಗೆ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಒಂದು ಬೇಲಿ ಸಡಿಲಿಸಿತು: ವಾಣಿಜ್ಯ ಬ್ಯಾಂಕಿನ ಷೇರು ವ್ಯವಹಾರದ ಅಂಗಸಂಸ್ಥೆ ಅಂಡರ್‌ರೈಟಿಂಗಿನಿಂದ ಗಳಿಸಬಹುದಾದ ಆದಾಯದ ಮಿತಿ ಶೇ. 10ರಿಂದ 25ಕ್ಕೆ ಏರಿತು. 1997ರಲ್ಲೇ ಮೂರು ಖರೀದಿ. ಬ್ಯಾಂಕರ್ಸ್ ಟ್ರಸ್ಟ್ 170 ಕೋಟಿ ಡಾಲರಿಗೆ ಅಲೆಕ್ಸ್ ಬ್ರೌನನ್ನು, ಬ್ಯಾಂಕ್‌ಅಮೆರಿಕ 54 ಕೋಟಿಗೆ ರಾಬರ್ಟ್‌ಸನ್ ಸ್ಟೀಫನ್ಸನ್ನು, ನೇಷನ್ಸ್‌ಬ್ಯಾಂಕ್ 120 ಕೋಟಿಗೆ ಮಾಂಟ್ಗಮರಿಯನ್ನು ಕೊಂಡವು. ಮರುವರ್ಷ ನೇಷನ್ಸ್‌ಬ್ಯಾಂಕ್ ಮತ್ತು ಬ್ಯಾಂಕ್‌ಅಮೆರಿಕ ಒಂದಾದವು. ಒಂದೇ ಸೂರಿನಡಿ ಎರಡು ಬದ್ಧವೈರಿಗಳು. ರಾಬರ್ಟ್‌ಸನ್ ಬ್ಯಾಂಕ್‌ಬಾಸ್ಟನ್ನಿಗೆ ಮಾರಾಟವಾಯಿತು, ಅದನ್ನು ಫ್ಲೀಟ್ ನುಂಗಿತು, 2002ರ ಜುಲೈನಲ್ಲಿ ಬಾಗಿಲು ಮುಚ್ಚಿತು. ಕೊನೆಯದಾಗಿ 1999ರಲ್ಲಿ ಚೇಸ್ 135 ಕೋಟಿಗೆ ಹ್ಯಾಂಬ್ರೆಕ್ಟ್ ಅಂಡ್ ಕ್ವಿಸ್ಟನ್ನು ಕೊಂಡಿತು. ಕೊಂಡವರು ಕೊಂಡದ್ದೇನು ಎಂದು ಕೇಳಬೇಕು. ಇಂಥ ಬ್ಯಾಂಕಿನ ಆಸ್ತಿ ಸಂಜೆ ಆರಕ್ಕೆ ಲಿಫ್ಟ್ ಇಳಿದು ಮನೆಗೆ ಹೋಗುತ್ತದೆ. ಮಾಂಟ್ಗಮರಿಯ ಥಾಮ್ ವೀಸೆಲ್ 1998ರಲ್ಲಿ ಹೊರನಡೆದು ಮರುವರ್ಷವೇ ಹೊಸ ಬ್ಯಾಂಕು ತೆರೆದರು. ದೊಡ್ಡ ಮನೆಯಲ್ಲಿ 3 ಕೋಟಿಯ ಐಪಿಒಗೆ ಸಮಯ ಕೊಡುವವರಿರಲಿಲ್ಲ. ಅಲ್ಲಿ 30 ಕೋಟಿಯದಕ್ಕೂ ತಗಲುವ ಶ್ರಮ ಅಷ್ಟೇ.

ಬಿಲ್ ಹ್ಯಾಂಬ್ರೆಕ್ಟ್ ತಾವೇ 1998ರಲ್ಲಿ ಹೊರಬಂದು ಹರಾಜಿನ ಐಪಿಒ ಶುರು ಮಾಡಿದರು. ಯಾರು ಎಷ್ಟು ಷೇರನ್ನು ಯಾವ ಬೆಲೆಗೆ ಕೇಳುತ್ತಾರೆಂದು ಬರೆದುಕೊಡುವುದು, ಎಲ್ಲ ಷೇರು ಖರ್ಚಾಗುವ ಅತಿ ಹೆಚ್ಚಿನ ಬೆಲೆಯೇ ಎಲ್ಲರ ಬೆಲೆ. 1999ರಲ್ಲಿ ರೇವನ್ಸ್‌ವುಡ್ ಎಂಬ ವೈನ್ ಕಂಪನಿ ಮೊದಲು ಹೀಗೆ ಬಂತು, 2005ರಲ್ಲಿ ಮಾರ್ನಿಂಗ್‌ಸ್ಟಾರ್. ಜಾಣ ಉಪಾಯ, ನ್ಯಾಯವಾದದ್ದೂ ಹೌದು. ಹಿಡಿಯಲಿಲ್ಲ ಯಾಕೆ? ನನ್ನ ಅನಿಸಿಕೆ: ಶೇ. 7ರ ಒಳಗೆ ಅಡಗಿದ್ದ ಮುಂದಿನ ವರ್ಷಗಳ ವರದಿಯ ಖರ್ಚು ಹರಾಜಿನ ಕಿರಿದಾದ ಶುಲ್ಕದಲ್ಲಿ ಇರಲಿಲ್ಲ.

2003ರಲ್ಲಿ ಮತ್ತೊಂದು ಗೋಡೆ ಎದ್ದಿತು. ಡಾಟ್‌ಕಾಂ ಕಾಲದಲ್ಲಿ ಬ್ಯಾಂಕಿಂಗ್ ವ್ಯವಹಾರ ಗಿಟ್ಟಿಸಲು ಹೊಗಳಿಕೆಯ ವರದಿ ಬರೆಸಿದ್ದಕ್ಕೆ ಹತ್ತು ದೊಡ್ಡ ಸಂಸ್ಥೆಗಳು ಸುಮಾರು 140 ಕೋಟಿ ಡಾಲರ್ ತೆತ್ತವು. ನಿರ್ದಿಷ್ಟ ಐಪಿಒದ ಆದಾಯಕ್ಕೆ ವಿಶ್ಲೇಷಕನ ಸಂಬಳವನ್ನು ಗಂಟುಹಾಕಬಾರದೆಂಬ ನಿಯಮ ಮಾತ್ರ ದೊಡ್ಡವರಿಗಷ್ಟೇ ಅಲ್ಲ, ಇಪ್ಪತ್ತು ಮಂದಿಯ ಬ್ಯಾಂಕಿಗೂ ಬಂತು. ತಪ್ಪು ಆನೆಯದು, ಸರಪಳಿ ಇರುವೆಗೂ.

ಉಳಿದ ಸಣ್ಣ ಬ್ಯಾಂಕುಗಳು ಈಗ ಬದುಕುವುದು ಆಗಲೇ ಪೇಟೆಯಲ್ಲಿರುವ ಕಂಪನಿಗಳಿಗೆ ಮತ್ತೆ ಮತ್ತೆ ಹಣ ಎತ್ತಿಕೊಟ್ಟು. ನಡೆಯುವ ರೀತಿ ಇದು. ಮೊದಲು ಫಾರ್ಮ್ ಎಸ್-3 ಎಂಬ ಚಿಕ್ಕ ನೋಂದಣಿ ಸಿದ್ಧವಿರಬೇಕು. ಹೊರಗಿನವರ ಕೈಯಲ್ಲಿರುವ ಷೇರಿನ ಬೆಲೆ 7.5 ಕೋಟಿ ಡಾಲರಿಗಿಂತ ಕಡಿಮೆಯಿದ್ದರೆ 2008ರಿಂದ ಬಂದ ಮಿತಿಯಂತೆ ಯಾವುದೇ 12 ತಿಂಗಳಲ್ಲಿ ಅದರ ಮೂರನೇ ಒಂದು ಭಾಗವನ್ನಷ್ಟೇ ಮಾರಬಹುದು. 1.2 ಕೋಟಿ ಷೇರು ಹೊರಗಿವೆ, ಬೆಲೆ 5 ಡಾಲರ್ ಎಂದರೆ 6 ಕೋಟಿ, ಮಾರಬಹುದಾದದ್ದು 2 ಕೋಟಿ. ಯಾವ ದಿನದ ಬೆಲೆ? ಹಿಂದಿನ 60 ದಿನಗಳಲ್ಲಿ ಯಾವುದಾದರೂ ಒಂದು ದಿನದ್ದು. ಹಾಗಾಗಿ ಬ್ಯಾಂಕರ್ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂರುತ್ತಾನೆ: 52 ದಿನದ ಹಿಂದೆ ಬೆಲೆ 6ಕ್ಕೆ ಏರಿದ್ದರೆ ಇನ್ನು ಎಂಟು ದಿನದೊಳಗೆ ಮುಗಿಸಿದರೆ 2.4 ಕೋಟಿ, ತಡವಾದರೆ ಮತ್ತೆ 2.

ಎರಡನೆಯ ಹೆಜ್ಜೆ ಹೂಡಿಕೆದಾರರನ್ನು ಗೋಡೆಯ ಒಳಗೆ ಕರೆಯುವುದು. ಕಂಪನಿಯ ಹೆಸರು ಹೇಳದೆ 'ಗುಟ್ಟಿನ ಮಾಹಿತಿ ಪಡೆಯಲು, ಸುದ್ದಿ ಹೊರಬರುವವರೆಗೆ ಆ ಷೇರು ಮುಟ್ಟದಿರಲು ಒಪ್ಪುತ್ತೀರಾ' ಎಂದು ಕೇಳಿ, ಒಪ್ಪಿದ ಸಮಯ ಬರೆದುಕೊಂಡು, ಆಮೇಲಷ್ಟೇ ಹೆಸರು ಹೇಳಬೇಕು. ಈ ಕೆಲಸ ಕೆಡುವುದು ಮೂವತ್ತು ಮಂದಿಗೆ ಕರೆ ಮಾಡಿದಾಗ. ಯಾರೋ ಒಬ್ಬ ಸೋರುತ್ತಾನೆ, ಇಶ್ಯೂ ಬೆಲೆ ಗೊತ್ತಾಗುವ ಮುನ್ನವೇ ಷೇರು ಕುಸಿಯುತ್ತದೆ. ಎಂಟು ಹತ್ತು ಮಂದಿ ಸಾಕು. ಬೆಲೆ ಗೊತ್ತಾಗುವ ಹಿಂದಿನ ಐದು ವ್ಯವಹಾರ ದಿನಗಳಲ್ಲಿ ಶಾರ್ಟ್ ಮಾಡಿದವರು, ಅಂದರೆ ಬೆಲೆ ಬೀಳುತ್ತದೆಂದು ಎರವಲು ಷೇರು ಮಾರಿದವರು, ಈ ಇಶ್ಯೂನಲ್ಲಿ ಕೊಳ್ಳುವಂತಿಲ್ಲ ಎಂಬ ನಿಯಮವನ್ನೂ ಆಗಲೇ ನೆನಪಿಸಬೇಕು. ಪೇಟೆ ಮುಚ್ಚಿದ ಮೇಲೆ ಪ್ರಕಟಣೆ, ರಾತ್ರಿ ಬೆಲೆ, ಬೆಳಿಗ್ಗೆ ವ್ಯವಹಾರ.

ಖಾಸಗಿಯಾಗಿ ರಿಯಾಯಿತಿ ಬೆಲೆಗೆ ಮಾರುವುದಾದರೆ ನ್ಯಾಸ್‌ಡ್ಯಾಕ್‌ನ ಶೇ. 20ರ ಗೆರೆ ಇದೆ: ಇರುವ ಷೇರುಗಳ ಐದನೇ ಒಂದು ಭಾಗ ಅಥವಾ ಹೆಚ್ಚು ಕೊಡುವುದಿದ್ದರೆ ಷೇರುದಾರರ ಮತ ಬೇಕು. ಜತೆಗೆ ಕೊಡುವ ವಾರಂಟುಗಳನ್ನು (ಮುಂದೆ ಗೊತ್ತಾದ ಬೆಲೆಗೆ ಷೇರು ಕೊಳ್ಳುವ ಹಕ್ಕುಪತ್ರ) ಎಣಿಸಲು ಮರೆತು ಗೆರೆ ದಾಟುವುದು ಪದೇ ಪದೇ ಆಗುವ ತಪ್ಪು.

ಎಲ್ಲಕ್ಕಿಂತ ಕೆಟ್ಟದ್ದು ಪೇಟೆ ಬೆಲೆಗೆ ತಕ್ಕಂತೆ ಷೇರಾಗುವ ಪರಿವರ್ತನೀಯ ಸಾಲ. 20 ಲಕ್ಷ ಡಾಲರ್ ಸಾಲ, ಪೇಟೆ ಬೆಲೆಯ ಶೇ. 80ಕ್ಕೆ ಷೇರು. ಬೆಲೆ 4 ಇದ್ದಾಗ 3.20ರಂತೆ 6,25,000 ಷೇರು. ಬೆಲೆ 1ಕ್ಕೆ ಬಿದ್ದರೆ 80 ಸೆಂಟಿನಂತೆ 25 ಲಕ್ಷ. ಬೆಲೆ ಬಿದ್ದಷ್ಟೂ ಷೇರು ಹೆಚ್ಚು, ಷೇರು ಹೆಚ್ಚಿದಷ್ಟೂ ಬೆಲೆ ಕೆಳಗೆ. ಸಾಲ ಕೊಟ್ಟವನು ಮೊದಲೇ ಶಾರ್ಟ್ ಮಾಡಿ ಕೂತರಂತೂ ಕೇಳುವುದೇ ಬೇಡ. ಬೆಲೆ 1 ಡಾಲರಿಗಿಂತ ಕೆಳಗೆ 30 ವ್ಯವಹಾರ ದಿನ ಸತತವಾಗಿ ನಿಂತರೆ ನ್ಯಾಸ್‌ಡ್ಯಾಕ್‌ನಿಂದ ನೋಟಿಸು, ಸರಿಪಡಿಸಲು ಸಾಮಾನ್ಯವಾಗಿ 180 ದಿನ, ಆಮೇಲೆ ಹತ್ತು ಷೇರು ಸೇರಿಸಿ ಒಂದು ಮಾಡುವ ಕಸರತ್ತು. ಇಂಥ ಸಾಲ ತಂದುಕೊಟ್ಟ ಬ್ಯಾಂಕಿಗೆ ಶುಲ್ಕ ಮೊದಲ ದಿನವೇ ಸಿಕ್ಕಿರುತ್ತದೆ. ಒಳ್ಳೆಯ ಸಣ್ಣ ಬ್ಯಾಂಕನ್ನು ಗುರುತಿಸಬೇಕಾದರೆ ಅದು ತಂದ ಇಶ್ಯೂಗಳ ಪಟ್ಟಿ ಸಾಲದು, ಒಂದು ವರ್ಷದ ನಂತರ ಆ ಕಂಪನಿಗಳ ಷೇರು ಸಂಖ್ಯೆ ಎಷ್ಟಾಗಿದೆ ಎಂದು ನೋಡಬೇಕು.

ವರದಿಯ ಖರ್ಚು ಈಗ ಭಾಗಶಃ ಬರುವುದು ಸಮ್ಮೇಳನಗಳಿಂದ. ಕಂಪನಿಯ ಮುಖ್ಯಸ್ಥರನ್ನು ಒಂದು ಹೋಟೆಲಿನಲ್ಲಿ ಕೂರಿಸಿ, ಅರ್ಧ ಅರ್ಧ ಗಂಟೆಗೆ ಒಬ್ಬೊಬ್ಬ ಹೂಡಿಕೆದಾರರನ್ನು ಭೇಟಿ ಮಾಡಿಸುವುದು. ಆ ಭೇಟಿಗೆ ಪ್ರತಿಯಾಗಿ ನಿಧಿಗಳು ಬ್ಯಾಂಕಿಗೆ ಕಮಿಷನ್ ವ್ಯವಹಾರ ಕೊಡುತ್ತವೆ. 1975ಕ್ಕಿಂತ ಹಿಂದಿನ ಜೇಬೇ, ಸಣ್ಣದಾಗಿ, ಬೇರೆ ಬಟ್ಟೆಗೆ ಹೊಲಿದದ್ದು. ಈ ಬಗೆಯ ಕೂಟಗಳಲ್ಲಿ ಅತಿ ದೊಡ್ಡದು ಪ್ರತಿ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯುವ ಜೆ. ಪಿ. ಮಾರ್ಗನ್ ಆರೋಗ್ಯ ಸಮ್ಮೇಳನ. ಅದನ್ನು 1983ರಲ್ಲಿ ಶುರು ಮಾಡಿದ್ದು ಹ್ಯಾಂಬ್ರೆಕ್ಟ್ ಅಂಡ್ ಕ್ವಿಸ್ಟ್. ಈಗ ಅಲ್ಲಿ ಒಳಗೆ ಹೋಗಲು ಆಹ್ವಾನ ಬೇಕು. ಆಹ್ವಾನ ಸಿಗದ ಸಣ್ಣ ಕಂಪನಿಗಳು ಸುತ್ತಲಿನ ಹೋಟೆಲುಗಳಲ್ಲಿ ದುಬಾರಿ ಕೋಣೆ ಹಿಡಿದು, ಮಂಚದ ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಹೂಡಿಕೆದಾರರಿಗಾಗಿ ಕಾಯುತ್ತವೆ.